ಏರಿದ ಆಟಗಾರ ಏಕೆ ಕುಸಿಯುತ್ತಾನೆ? ಕಾಸರಗೋಡಿನ ಬದಿಯಡ್ಕದ ಸೋದರಮಾವನ ಪ್ರಶ್ನೆಗೆ ಉತ್ತರ

ಪ್ರಶ್ನೆ: ನನ್ನ ತಂಗಿಯ ಮಗನಿಗೆ ಹದಿನಾರು ವರ್ಷ. ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಈಗ ಪ್ಲಸ್ ವನ್ ಓದುತ್ತಿದ್ದಾನೆ. ಫುಟ್‌ಬಾಲ್ ಎಂದರೆ ಪ್ರಾಣ, ಮುಂಚೂಣಿಯಲ್ಲಿ ಆಡುತ್ತಾನೆ. ಶಾಲಾ ಪಂದ್ಯ ನೋಡಿದ ಒಬ್ಬರು ಹೊರರಾಜ್ಯದ ಅಕಾಡೆಮಿಗೆ ಸೇರಿಸುತ್ತೇನೆ, ಮುಂದೆ ದೊಡ್ಡ ಕ್ಲಬ್ಬಿಗೆ ದಾರಿಯಾಗುತ್ತದೆ ಎಂದು ಹೇಳಿ ಮುಂಗಡ ಹಣ ಕೇಳುತ್ತಿದ್ದಾರೆ. ಹುಡುಗನ ತಂದೆ ಗಲ್ಫಿನಲ್ಲಿದ್ದಾರೆ, ತೀರ್ಮಾನ ನನ್ನ ಮೇಲೆ ಬಿದ್ದಿದೆ. ಫುಟ್‌ಬಾಲ್ ಆಡುವವರು ಬೇಗ ಮೇಲೇರಿ ಅಷ್ಟೇ ಬೇಗ ಕುಡಿತಕ್ಕೆ ಬಿದ್ದು ಹಾಳಾಗುತ್ತಾರೆ ಎಂದು ಮನೆಯ ಹಿರಿಯರು ಹೆದರಿಸುತ್ತಿದ್ದಾರೆ. ಇದು ನಿಜವೇ? ಅವನನ್ನು ಕಳುಹಿಸಬಹುದೇ? ಕಳೆದ ಬೇಸಗೆಯಲ್ಲಿ ಏಳೇಳು ಜನರ ಸೆವೆನ್ಸ್ ಫುಟ್‌ಬಾಲ್ ಆಡುವಾಗ ಅವನ ಬಲಮಂಡಿ ಊದಿಕೊಂಡಿತ್ತು. ವಿಶ್ರಾಂತಿ ಕೊಟ್ಟ ಮೇಲೆ ಕಡಿಮೆಯಾಯಿತು.

ಉತ್ತರ: ಆಟಗಾರರ ಗಾಯಗಳಿಗೆ ಫಿಸಿಯೋಥೆರಪಿ ಮಾಡುವುದು ನನ್ನ ವೃತ್ತಿ. ಹಾಗಾಗಿ ನಿಮ್ಮ ಪತ್ರದ ಕೊನೆಯ ಸಾಲುಗಳನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಮಂಡಿ ಊದಿದ್ದು ಆಟ ಮುಗಿದು ಎರಡು ಮೂರು ಗಂಟೆಯೊಳಗೋ, ಇಲ್ಲವೇ ಮರುದಿನ ಬೆಳಿಗ್ಗೆಯೋ ಎಂದು ಅವನನ್ನು ಕೇಳಿ. ಯಾರೂ ತಾಗದೆ, ಓಡುತ್ತಿದ್ದವನು ತಟ್ಟನೆ ತಿರುಗುವಾಗ ಮಂಡಿ ಹೊರಳಿ, ಒಳಗೆ ಏನೋ ಕಡಿದಂತೆ ಸದ್ದಾಗಿ, ಅದೇ ಸಂಜೆ ಊದಿಕೊಂಡಿದ್ದರೆ ಅದು ಮಂಡಿಯೊಳಗೆ ರಕ್ತ ತುಂಬಿದ ಊತ. ಅಂಥ ಊತವಿರುವವರಲ್ಲಿ ಬಹುಪಾಲು ಮಂದಿಗೆ ಎಸಿಎಲ್ ಎಂದು ಆಟಗಾರರು ಕರೆಯುವ, ಮಂಡಿಯ ಎಲುಬುಗಳನ್ನು ಬಿಗಿದಿಡುವ ಅಸ್ಥಿರಜ್ಜಿಗೆ ಪೆಟ್ಟಾಗಿರುತ್ತದೆ. ಮಂಡಿಚಿಪ್ಪಿನ ಕೆಳಗೆ ಬೆರಳು ಒತ್ತಿದಾಗ ಸಿಗುವ ಎಲುಬಿನ ಉಬ್ಬಿನಲ್ಲಿ ಮಾತ್ರ ನೋವಿದ್ದರೆ ಬಹುಶಃ ಬೆಳೆಯುವ ವಯಸ್ಸಿನ ನೋವು. ಅದಕ್ಕೆ ಅಷ್ಟು ಹೆದರಬೇಕಾಗಿಲ್ಲ.

ಊತ ಇಳಿಯಿತು ಎಂದರೆ ವಾಸಿಯಾಯಿತು ಎಂದು ತಿಳಿಯಬೇಡಿ. ಎಸಿಎಲ್ ಹರಿದ ಹುಡುಗರು ಒಂದೆರಡು ತಿಂಗಳಲ್ಲಿ ನೇರವಾಗಿ ಓಡುತ್ತಾರೆ, ಮೆಟ್ಟಿಲು ಹತ್ತುತ್ತಾರೆ, ಬೈಕ್ ಒದೆಯುತ್ತಾರೆ. ಎದುರಾಳಿಯನ್ನು ತಪ್ಪಿಸಲು ಪಕ್ಕಕ್ಕೆ ಕಡಿದು ತಿರುಗುವಾಗ ಮಂಡಿ ಜಾರುತ್ತದೆ. ಜಾರಿದಾಗೆಲ್ಲ ಒಳಗಿನ ಮೆತ್ತೆಯಂಥ ಮೃದ್ವಸ್ಥಿ ಸವೆಯುತ್ತದೆ. ಮಂಗಳೂರಿನಲ್ಲಿ ಮೂಳೆ ತಜ್ಞರೊಬ್ಬರಿಗೆ ತೋರಿಸಿ. ಅವರು ಮಂಡಿಯನ್ನು ಸ್ವಲ್ಪ ಬಾಗಿಸಿ, ಒಂದು ಕೈಯಲ್ಲಿ ತೊಡೆಯನ್ನು ಹಿಡಿದು ಇನ್ನೊಂದು ಕೈಯಲ್ಲಿ ಕೆಳಗಾಲನ್ನು ಮುಂದಕ್ಕೆ ಎಳೆದು ನೋಡುತ್ತಾರೆ. ಸರಿಯಿರುವ ಮಂಡಿ ಗಟ್ಟಿಯಾಗಿ ತಡೆದು ನಿಲ್ಲುತ್ತದೆ, ಹರಿದಿದ್ದರೆ ಸಡಿಲವಾಗಿ ಮುಂದೆ ಬರುತ್ತದೆ. ಅನುಮಾನವಿದ್ದರೆ ಎಂಆರ್‌ಐ ಬರೆದುಕೊಡುತ್ತಾರೆ. ಇದಾಗುವವರೆಗೆ ಅಕಾಡೆಮಿಯ ಮಾತು ಬೇಡ, ಸೆವೆನ್ಸ್ ಅಂತೂ ಬೇಡವೇ ಬೇಡ.

ಈಗ ಹಿರಿಯರ ಮಾತಿಗೆ ಬರುತ್ತೇನೆ. ಅವರ ಭಯ ಸುಳ್ಳಲ್ಲ. ಆದರೆ ಅವರು ಕಾರಣವನ್ನು ಹಿಂದುಮುಂದಾಗಿ ನೋಡುತ್ತಿದ್ದಾರೆ. ಕುಡಿತದಿಂದ ಆಟ ಹೋಗುವುದಕ್ಕಿಂತ, ಆಟವೋ ಆಪ್ತರೋ ಕೈತಪ್ಪಿದ ಮೇಲೆ ಕುಡಿತ ಬರುವುದೇ ಹೆಚ್ಚು. ನಾನು ಕಂಡ ಆಟಗಾರರಲ್ಲೂ ಜಗತ್ತೇ ಕಂಡ ಆಟಗಾರರಲ್ಲೂ ಇದು ಮತ್ತೆ ಮತ್ತೆ ಗೋಚರಿಸಿದೆ. ಏರುವ ಕಾಲದಲ್ಲಿ ಹುಡುಗನ ಬದುಕಿನಿಂದ ಓದು, ಊರು, ಗೆಳೆಯರು, ಬೇರೆ ಕೆಲಸ ಒಂದೊಂದಾಗಿ ಕಳಚಿಕೊಳ್ಳುತ್ತವೆ. ಆಟವೊಂದೇ ಉಳಿಯುತ್ತದೆ. ಆಟ ನಿಂತ ದಿನ ಅವನ ಕೈಯಲ್ಲಿ ಏನೂ ಇರುವುದಿಲ್ಲ.

ಬ್ರೆಜಿಲ್‌ನ ಅದ್ರಿಯಾನೊ ಅವರ ಬದುಕನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಹಿರಿಯರು ಕೊಡುವ ಉದಾಹರಣೆಗಳಲ್ಲಿ ಅವರ ಹೆಸರೂ ಇದ್ದೀತು. 1982ರಲ್ಲಿ ರಿಯೊ ಡಿ ಜನೈರೊದಲ್ಲಿ ಹುಟ್ಟಿ, ಅಲ್ಲಿನ ವಿಲಾ ಕ್ರುಜೈರೊ ಎಂಬ ಬಡವರ ಬಸ್ತಿಯಲ್ಲಿ ಬೆಳೆದವರು. ಎತ್ತರದ ಆಳು, ಎಡಗಾಲಿನ ಹೊಡೆತಕ್ಕೆ ಗೋಲ್‌ಕೀಪರ್ ಕೈ ಅಡ್ಡ ತರಲು ಹೆದರಬೇಕು, ಅಂಥ ಬಲ. ಇಟಲಿಯ ಇಂಟರ್ ಮಿಲಾನ್ ಅಭಿಮಾನಿಗಳು ಚಕ್ರವರ್ತಿ ಎಂದೇ ಕರೆದರು. ದಕ್ಷಿಣ ಅಮೆರಿಕದ ದೇಶಗಳ ಟೂರ್ನಿಯಾದ ಕೋಪಾ ಅಮೆರಿಕದಲ್ಲಿ 2004ರಲ್ಲಿ 7 ಗೋಲು ಹೊಡೆದು ಅತಿ ಹೆಚ್ಚು ಗೋಲು ಗಳಿಸಿದವರಾದರು. ಲಿಮಾದಲ್ಲಿ ನಡೆದ ಫೈನಲ್‌ನಲ್ಲಿ ಅರ್ಜೆಂಟೀನಾ 2-1ರಿಂದ ಮುಂದಿತ್ತು. ಹೆಚ್ಚುವರಿಯಾಗಿ ಸಿಕ್ಕ ಕೊನೆಯ ನಿಮಿಷಗಳಲ್ಲಿ ಅದ್ರಿಯಾನೊ ಸಮಬಲದ ಗೋಲು ಹೊಡೆದರು, ಪೆನಾಲ್ಟಿಯಲ್ಲಿ ಬ್ರೆಜಿಲ್ ಗೆದ್ದಿತು. ಆಗ ಅವರಿಗೆ 22 ವರ್ಷ.

ಅದಾಗಿ ಕೆಲವೇ ದಿನಗಳಲ್ಲಿ ತಂದೆ ತೀರಿಕೊಂಡ ಸುದ್ದಿ ಬಂತು. ಚಿಕ್ಕಂದಿನಿಂದ ಅವರನ್ನು ಅಂಕೆಯಲ್ಲಿಟ್ಟು ಬೆನ್ನಿಗೆ ನಿಂತಿದ್ದವರು ತಂದೆಯೇ. ಇಂಟರ್‌ನ ನಾಯಕ ಹಾವಿಯೆರ್ ಜನೆಟ್ಟಿ ಆ ಫೋನ್ ಕರೆ ಬಂದಾಗ ಜೊತೆಯಲ್ಲಿದ್ದರು. ಅದ್ರಿಯಾನೊ ಫೋನನ್ನು ಎಸೆದು ಕಿರುಚಿದ ಆ ಕ್ಷಣವನ್ನು ಜನೆಟ್ಟಿ ಮುಂದೆ ನೆನಪಿಸಿಕೊಂಡಿದ್ದಾರೆ. ಆ ಖಿನ್ನತೆಯಿಂದ ಅವರನ್ನು ಎತ್ತಲಾಗದೆ ಹೋದದ್ದು ತನ್ನ ಅತಿ ದೊಡ್ಡ ಸೋಲು ಎಂದೂ ಹೇಳಿದ್ದಾರೆ.

ಇಲ್ಲಿ ನೀವು ಗಮನಿಸಬೇಕಾದದ್ದು ಒಂದಿದೆ. ತಂದೆ ತೀರಿದ ಮರುವರ್ಷವೇ, 2005ರ ಕಾನ್ಫೆಡರೇಷನ್ಸ್ ಕಪ್‌ನಲ್ಲಿ ಅದ್ರಿಯಾನೊ 5 ಗೋಲು ಹೊಡೆದರು, ಅತ್ಯುತ್ತಮ ಆಟಗಾರ ಎನಿಸಿಕೊಂಡರು. ಒಳಗೆ ಕುಸಿತ ಆಗಲೇ ಶುರುವಾಗಿತ್ತು, ಹೊರಗೆ ಅಂಕಪಟ್ಟಿ ಚೆನ್ನಾಗಿತ್ತು. ಗೋಲು ಬರುತ್ತಿರುವವರೆಗೆ ಕ್ಲಬ್ಬು, ಪತ್ರಿಕೆ, ಅಭಿಮಾನಿಗಳು ಯಾರೂ ಆಟಗಾರನ ಮುಖ ನೋಡುವುದಿಲ್ಲ. ಕುಡಿತ ಹೆಚ್ಚಿ, ಅಭ್ಯಾಸಕ್ಕೆ ಬರುವುದು ತಪ್ಪಿ, ಗೋಲು ನಿಂತ ಮೇಲೆ ಎಲ್ಲರೂ ಶಿಸ್ತಿನ ಮಾತಾಡಿದರು. 2009ರಲ್ಲಿ ಬ್ರೆಜಿಲ್‌ಗೆ ಹೋದವರು ಇಂಟರ್‌ಗೆ ಮರಳಲಿಲ್ಲ. ಊರಿನ ಫ್ಲಮೆಂಗೊ ಕ್ಲಬ್ ಸೇರಿ ಅದೇ ವರ್ಷ 19 ಗೋಲು ಹೊಡೆದು ತಂಡಕ್ಕೆ ರಾಷ್ಟ್ರೀಯ ಲೀಗ್ ಗೆದ್ದುಕೊಟ್ಟರು. ಅಂದರೆ ಕಾಲಿನ ಬಲ ಎಲ್ಲೂ ಹೋಗಿರಲಿಲ್ಲ, ಬೇಕಾದದ್ದು ತನ್ನವರ ನಡುವಿನ ಬದುಕು. ಆದರೆ ಅಷ್ಟು ಹೊತ್ತಿಗೆ ಕುಡಿತ ಬೇರೂರಿತ್ತು. 2011ರಲ್ಲಿ ಹಿಮ್ಮಡಿಯ ಮೇಲಿನ ಸ್ನಾಯುರಜ್ಜು ಹರಿದ ಮೇಲೆ ಹಳೆಯ ಅದ್ರಿಯಾನೊ ಮತ್ತೆ ಕಾಣಿಸಲಿಲ್ಲ.

ಕುಡಿತದ ಹೆಸರೇ ಇಲ್ಲದ ಕುಸಿತವೂ ಇದೆ. ಹಾಲೆಂಡಿನ ಮಾರ್ಕೊ ವಾನ್ ಬಾಸ್ಟನ್ ಆಗ ಯುರೋಪಿನ ಶ್ರೇಷ್ಠ ಆಟಗಾರನಿಗೆ ಸಲ್ಲುತ್ತಿದ್ದ ಬ್ಯಾಲನ್ ಡಿ ಓರ್ ಅನ್ನು 1988, 1989 ಮತ್ತು 1992ರಲ್ಲಿ ಪಡೆದವರು. ಪಾದದ ಗಂಟಿನ ಗಾಯದಿಂದಾಗಿ 1993ರಲ್ಲಿ, 28ನೆಯ ವಯಸ್ಸಿನಲ್ಲಿ ಕೊನೆಯ ಪಂದ್ಯ ಆಡಿದರು. ಮತ್ತೆರಡು ವರ್ಷ ಚಿಕಿತ್ಸೆಯಲ್ಲೇ ಕಳೆದು ನಿವೃತ್ತಿ ಘೋಷಿಸಿದರು. ಇನ್ನು ಗರಿಂಚಾ. 1958 ಮತ್ತು 1962ರ ವಿಶ್ವಕಪ್‌ಗಳನ್ನು ಬ್ರೆಜಿಲ್‌ಗೆ ಗೆದ್ದುಕೊಡುವಲ್ಲಿ ದೊಡ್ಡ ಪಾಲು ಅವರದು. ಅವರು ಕುಡಿತದಿಂದಲೇ 1983ರಲ್ಲಿ, 49ನೆಯ ವಯಸ್ಸಿಗೆ ತೀರಿಕೊಂಡರು, ಹಿರಿಯರು ಹೇಳುವುದು ಅಷ್ಟರ ಮಟ್ಟಿಗೆ ಸರಿ. ಆದರೆ ನೋಯುವ ಮಂಡಿಯಲ್ಲೇ ಅವರನ್ನು ಆಡಿಸಿದರು, ಮೊತ್ತ ಬರೆಯದ ಖಾಲಿ ಒಪ್ಪಂದಗಳಿಗೆ ಅವರಿಂದ ಸಹಿ ಹಾಕಿಸಿಕೊಂಡರು. ಅವರ ಅಂತ್ಯವನ್ನು ಹೇಳುವವರು ಇದನ್ನೂ ಹೇಳಬೇಕು.

ನಮ್ಮ ನೆರೆಯ ಕಣ್ಣೂರು ಜಿಲ್ಲೆಯ ವಿ.ಪಿ. ಸತ್ಯನ್ ಅವರ ಹೆಸರು ನಿಮಗೆ ಗೊತ್ತಿರಬಹುದು. ಭಾರತ ತಂಡದ ನಾಯಕರಾಗಿದ್ದವರು, 1992ರಲ್ಲಿ ಕೇರಳಕ್ಕೆ ರಾಜ್ಯಗಳ ನಡುವಿನ ಸಂತೋಷ್ ಟ್ರೋಫಿ ತಂದ ತಂಡದ ನಾಯಕರು. ಗಾಯಗಳು ಅವರನ್ನು ಕೊನೆಯವರೆಗೂ ಕಾಡಿದವು. ಬ್ಯಾಂಕಿನಲ್ಲಿ ನೌಕರಿಯಿತ್ತು, ಕುಟುಂಬವಿತ್ತು. ಆದರೂ ಖಿನ್ನತೆ ಅವರನ್ನು ಬಿಡಲಿಲ್ಲ. 2006ರ ಜುಲೈಯಲ್ಲಿ, 41ನೆಯ ವಯಸ್ಸಿನಲ್ಲಿ ಚೆನ್ನೈಯಲ್ಲಿ ತಾವೇ ಜೀವ ಕಳೆದುಕೊಂಡರು. ನೌಕರಿಯೊಂದಿದ್ದರೆ ಎಲ್ಲ ಸರಿಹೋಗುತ್ತದೆ ಎಂದು ನಾನು ಹೇಳದಿರುವುದಕ್ಕೆ ಇದೇ ಕಾರಣ. ವೃತ್ತಿಪರ ಫುಟ್‌ಬಾಲಿಗರ ಜಾಗತಿಕ ಒಕ್ಕೂಟವಾದ ಫಿಫ್‌ಪ್ರೊ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಡುತ್ತಿರುವ ಮತ್ತು ನಿವೃತ್ತರಾದ ಆಟಗಾರರ ಪೈಕಿ ಮೂರರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಖಿನ್ನತೆ ಅಥವಾ ಆತಂಕದ ಲಕ್ಷಣಗಳನ್ನು ಹೇಳಿಕೊಂಡಿದ್ದರು. ತೀವ್ರವಾದ ಗಾಯಗಳನ್ನು ಮತ್ತೆ ಮತ್ತೆ ಅನುಭವಿಸಿದವರಲ್ಲಿ ಈ ಪ್ರಮಾಣ ಇನ್ನೂ ಹೆಚ್ಚಿತ್ತು.

ಆ ಗಾಯದ ಕಾಲ ಹೇಗಿರುತ್ತದೆ ಎಂಬುದನ್ನು ನಾನು ದಿನವೂ ನೋಡುತ್ತೇನೆ. ಎಸಿಎಲ್ ಶಸ್ತ್ರಚಿಕಿತ್ಸೆಯಾದ ಹುಡುಗನ ಎರಡೂ ತೊಡೆಗಳಿಗೆ ಟೇಪು ಸುತ್ತಿ ಅಳೆದರೆ, ಕೆಲವೇ ವಾರಗಳಲ್ಲಿ ಗಾಯದ ಕಾಲಿನ ತೊಡೆ ಕಣ್ಣಿಗೆ ಕಾಣುವಷ್ಟು ಸೊರಗಿರುತ್ತದೆ. ಅವನು ಟೇಪಿನ ಅಂಕಿ ನೋಡುವುದಿಲ್ಲ, ನನ್ನ ಮುಖ ನೋಡುತ್ತಾನೆ. ಮೊದಲ ತಿಂಗಳು ಗೆಳೆಯರು ಬರುತ್ತಾರೆ. ಮೂರನೆಯ ತಿಂಗಳಿಗೆ ತಂಡದಲ್ಲಿ ಅವನ ಜಾಗಕ್ಕೆ ಇನ್ನೊಬ್ಬ ಬಂದಿರುತ್ತಾನೆ. ಐದನೆಯ ತಿಂಗಳಿಗೆ ನೋವಿರುವುದಿಲ್ಲ, ಆಡುತ್ತೇನೆ ಎಂದು ಹಟ ಹಿಡಿಯುತ್ತಾನೆ. ಆ ಹಟಕ್ಕೆ ಮಣಿಯಬಾರದು. ಒಂಬತ್ತು ತಿಂಗಳಿಗೆ ಮೊದಲೇ ಮೈದಾನಕ್ಕೆ ಇಳಿದವರಲ್ಲಿ ಮತ್ತೆ ಗಾಯವಾಗುವ ಸಾಧ್ಯತೆ ಬಹಳ ಹೆಚ್ಚು. 25 ವರ್ಷದೊಳಗಿನವರು ಆಟಕ್ಕೆ ಮರಳಿದಾಗ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಅದೇ ಮಂಡಿಗೋ ಇನ್ನೊಂದು ಮಂಡಿಗೋ ಎಸಿಎಲ್ ಗಾಯ ಮರುಕಳಿಸುತ್ತದೆ. ನಾವು ಒಂಟಿ ಕಾಲಿನಲ್ಲಿ ಜಿಗಿಸಿ ಅಳೆಯುತ್ತೇವೆ. ಗಾಯದ ಕಾಲು ಇನ್ನೊಂದು ಕಾಲಿನ ಶೇ. 90ರಷ್ಟಾದರೂ ದೂರ ಜಿಗಿಯಬೇಕು. ಈ ಒಂಬತ್ತು ತಿಂಗಳು ಹುಡುಗ ಎಲ್ಲಿರುತ್ತಾನೆ, ಯಾರ ಜೊತೆ ಇರುತ್ತಾನೆ, ಬೆಳಗಾದರೆ ಏನು ಮಾಡುತ್ತಾನೆ ಎಂಬುದರ ಮೇಲೆಯೇ ಅವನ ಮುಂದಿನ ಹತ್ತು ವರ್ಷ ನಿಂತಿದೆ. ಹಾಸ್ಟೆಲಿನ ಕೋಣೆಯಲ್ಲಿ ಒಬ್ಬನೇ ಇದ್ದರೆ ಅಪಾಯ. ಅಕಾಡೆಮಿಯವರನ್ನು ನೀವು ಕೇಳಬೇಕಾದ ಮೊದಲ ಪ್ರಶ್ನೆಯೂ ಇದೇ: ಗಾಯವಾದರೆ ಚಿಕಿತ್ಸೆಯ ಖರ್ಚು ಯಾರದು, ಆ ಕಾಲದಲ್ಲಿ ಹುಡುಗ ಎಲ್ಲಿರುತ್ತಾನೆ? ಸ್ಪಷ್ಟ ಉತ್ತರ ಸಿಗದಿದ್ದರೆ ಅಲ್ಲಿಗೆ ಕಳುಹಿಸಬೇಡಿ.

ಅದ್ರಿಯಾನೊ ಹುಟ್ಟಿದ 1982ರಲ್ಲೇ ನಮ್ಮ ಜಿಲ್ಲೆಯ ತೃಕ್ಕರಿಪುರದ ಮುಹಮ್ಮದ್ ರಫಿ ಹುಟ್ಟಿದರು. ಅವರು ಬೆಳೆದದ್ದು ಎಸ್‌ಬಿಟಿ, ಅಂದರೆ ಸ್ಟೇಟ್ ಬ್ಯಾಂಕ್ ಆಫ್ ಟ್ರಾವಂಕೂರ್ ತಂಡದಲ್ಲಿ. ಆಗ ದೇಶದ ಅಗ್ರ ಲೀಗ್ ಆಗಿದ್ದ ಐ-ಲೀಗ್‌ನ 2009-10ರ ಋತುವಿ‌ನಲ್ಲಿ ಮಹೀಂದ್ರ ಯುನೈಟೆಡ್ ಪರವಾಗಿ 14 ಗೋಲು ಹೊಡೆದು ಭಾರತೀಯ ಆಟಗಾರರ ಪೈಕಿ ಎಲ್ಲರಿಗಿಂತ ಮುಂದಿದ್ದರು. ಆ ಋತು ಮುಗಿದಾಗ ಕ್ಲಬ್ಬೇ ಮುಚ್ಚಿಹೋಯಿತು. ಮತ್ತೊಂದು ತಂಡ, ಅಲ್ಲಿಂದ ಇನ್ನೊಂದು. 2014ರಲ್ಲಿ ಐಎಸ್‌ಎಲ್, ಅಂದರೆ ಇಂಡಿಯನ್ ಸೂಪರ್ ಲೀಗ್‌ನ ಮೊದಲ ಪ್ರಶಸ್ತಿ ಗೆದ್ದ ಕೋಲ್ಕತಾ ತಂಡದಲ್ಲಿದ್ದರು. 2016ರ ಡಿಸೆಂಬರ್‌ನಲ್ಲಿ ಕೊಚ್ಚಿಯಲ್ಲಿ ನಡೆದ ಐಎಸ್‌ಎಲ್ ಫೈನಲ್‌ನಲ್ಲಿ ಕೇರಳ ಬ್ಲಾಸ್ಟರ್ಸ್ ಪರವಾಗಿ ತಲೆಯಿಂದ ಗೋಲು ಹೊಡೆದಾಗ ಅವರಿಗೆ 34. ಪಂದ್ಯ ಪೆನಾಲ್ಟಿಯಲ್ಲಿ ಕೈತಪ್ಪಿತು, ಆದರೆ ಆ ಗೋಲನ್ನು ಕಾಸರಗೋಡು ಮರೆತಿಲ್ಲ. ಅದೇ ವರ್ಷ, ಅದೇ ವಯಸ್ಸಿನಲ್ಲಿ ಅದ್ರಿಯಾನೊ ಅಮೆರಿಕದ ಸಣ್ಣ ಕ್ಲಬ್ಬೊಂದರಲ್ಲಿ ತಮ್ಮ ಆಟದ ಬದುಕನ್ನು ಮುಗಿಸುತ್ತಿದ್ದರು. ಪ್ರತಿಭೆಯ ತೂಕದಲ್ಲಿ ಇಬ್ಬರನ್ನೂ ಒಂದೇ ತಕ್ಕಡಿಗೆ ಹಾಕಲಾಗದು. ಏರಿಕೆಯ ವೇಗದಲ್ಲಿ ಹೋಲಿಸಬಹುದು. ರಫಿ ದೊಡ್ಡ ಲೀಗ್‌ಗೆ ಬರುವ ಹೊತ್ತಿಗೆ ದೊಡ್ಡವರಾಗಿದ್ದರು. ಹದಿನಾರಕ್ಕೆ ಆಗದಿದ್ದರೆ ಆಟ ಮುಗಿಯಿತು ಎಂದು ನಿಮಗೆ ಯಾರಾದರೂ ಹೇಳಿದರೆ ಅವರಿಗೆ ತೃಕ್ಕರಿಪುರದ ದಾರಿ ತೋರಿಸಿ.

ಕೇರಳದಲ್ಲಿ ಹಿಂದೆ ಆಟಗಾರನ ಕೈ ಹಿಡಿಯುತ್ತಿದ್ದುದು ನೌಕರಿ ಕೊಟ್ಟು ಆಡಿಸುವ ಇಲಾಖಾ ತಂಡ. ತ್ರಿಶೂರಿನ ಮೈದಾನದಲ್ಲಿ ಸೋಡಾ ಮಾರುತ್ತಿದ್ದ ಐ.ಎಂ. ವಿಜಯನ್ ಕೇರಳ ಪೊಲೀಸ್ ತಂಡದಿಂದ ಮೇಲೆ ಬಂದರು. ಅವರೂ ಸತ್ಯನ್ ಅವರೂ ಇದ್ದ ಆ ತಂಡ 1990ರಲ್ಲೂ 1991ರಲ್ಲೂ ಫೆಡರೇಷನ್ ಕಪ್ ಗೆದ್ದಿತು. ವಿಜಯನ್ ಕೋಲ್ಕತ್ತದ ಕ್ಲಬ್ಬುಗಳಲ್ಲಿ ಹೆಸರು ಮಾಡಿ, ಕೊನೆಗೆ ಪೊಲೀಸ್ ಇಲಾಖೆಗೇ ಮರಳಿದರು. 2025ರಲ್ಲಿ ಪದ್ಮಶ್ರೀ ಬಂತು. ಆ ಬಾಗಿಲು ಈಗ ಕಿರಿದಾಗಿದೆ. ಎಸ್‌ಬಿಟಿ 2017ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ಲೀನವಾಯಿತು. ಅದೇ ವರ್ಷ ಕಣ್ಣೂರಿನ ಸಿ.ಕೆ. ವಿನೀತ್ ಅವರನ್ನು ಹಾಜರಿ ಸಾಲದೆಂದು ಮಹಾಲೇಖಪಾಲರ ಕಚೇರಿಯ ನೌಕರಿಯಿಂದ ತೆಗೆದರು. ಅವರು ಆಗ ಭಾರತ ತಂಡದ ಆಟಗಾರ. ಕ್ಲಬ್ಬಿನ ಸಂಬಳವೊಂದನ್ನೇ ನಂಬಬಹುದೇ? 2025ರಲ್ಲಿ ಐಎಸ್‌ಎಲ್‌ನ ವಾಣಿಜ್ಯ ಒಪ್ಪಂದದ ನವೀಕರಣ ಇತ್ಯರ್ಥವಾಗದೆ ಮುಂದಿನ ಋತುವನ್ನೇ ತಡೆಹಿಡಿದರು, ಬೆಂಗಳೂರು ಎಫ್‌ಸಿ ಹಿರಿಯರ ತಂಡದ ವೇತನವನ್ನು ನಿಲ್ಲಿಸುವುದಾಗಿ ಪ್ರಕಟಿಸಿತು. ಶಿಸ್ತಾಗಿ ಬದುಕಿದ, ಗಾಯವಿಲ್ಲದ, ಚೆನ್ನಾಗಿ ಆಡುತ್ತಿದ್ದ ಆಟಗಾರನೂ ಆಗ ಮನೆಯಲ್ಲಿ ಕುಳಿತ.

ಸೆವೆನ್ಸ್ ಬಗ್ಗೆ ನನಗೆ ಪ್ರೀತಿಯೂ ಇದೆ, ಸಂಕಟವೂ ಇದೆ. ಕೊಯ್ಲಾದ ಗದ್ದೆಯಲ್ಲಿ ಅಡಿಕೆ ಮರದ ಗ್ಯಾಲರಿ ಕಟ್ಟಿ, ದೀಪ ಹಾಕಿ, ಊರಿಗೆ ಊರೇ ನೆರೆಯುವ ಆ ರಾತ್ರಿಗಳಿಲ್ಲದಿದ್ದರೆ ಮಲಬಾರಿನಲ್ಲಿ ಇಷ್ಟು ಆಟಗಾರರು ಹುಟ್ಟುತ್ತಿರಲಿಲ್ಲ. ಆದರೆ ಅದು ಜಾಗತಿಕ ಫುಟ್‌ಬಾಲ್ ಸಂಸ್ಥೆಯಾದ ಫಿಫಾದ ಮಾನ್ಯತೆ ಇರುವ ಆಟವಲ್ಲ. ನೆಲ ಗಟ್ಟಿ, ಸಣ್ಣ ಅಂಗಣದಲ್ಲಿ ಮತ್ತೆ ಮತ್ತೆ ತಿರುಗಬೇಕು, ಋತುವಿನ ಭರದಲ್ಲಿ ದಿನ ಬಿಟ್ಟು ದಿನ ಪಂದ್ಯ. ಪಂದ್ಯಕ್ಕಿಷ್ಟು ಎಂದು ಕೈಗೆ ಹಣ ಬರುತ್ತದೆ, ಗಾಯವಾದರೆ ಕೇಳುವವರು ಸಾಮಾನ್ಯವಾಗಿ ಇರುವುದಿಲ್ಲ. ಹದಿನಾರರ ಹುಡುಗ ನೋಡಿ ಕಲಿಯಲಿ. ಆಡುವುದು ಹನ್ನೊಂದು ಜನರ ಆಟವನ್ನೇ ಆಡಲಿ.

ಮುಂಗಡ ಕೇಳಿದವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಹುಡುಗ ನಿಜವಾಗಿ ಬೇಕಾಗಿದ್ದರೆ ಅಕಾಡೆಮಿಯೇ ತನ್ನ ಕಾಗದದಲ್ಲಿ, ತನ್ನ ಹೆಸರಿನಲ್ಲಿ ನಿಮಗೆ ಬರೆಯುತ್ತದೆ. ನಡುವಿನವರ ವಾಟ್ಸ್ಆಪ್ ಸಂದೇಶಕ್ಕೆ ಬೆಲೆಯಿಲ್ಲ. ಫಿಫಾದ ಏಜೆಂಟ್ ನಿಯಮಗಳ ಪ್ರಕಾರ ಪರವಾನಗಿ ಇರುವ ಏಜೆಂಟನಾದರೂ ಸರಿ, ಅಪ್ರಾಪ್ತ ವಯಸ್ಸಿನ ಆಟಗಾರನನ್ನು ಸಂಪರ್ಕಿಸಲು ಹೆತ್ತವರ ಲಿಖಿತ ಒಪ್ಪಿಗೆ ಬೇಕು. ಅದೂ ಹುಡುಗ ಮೊದಲ ವೃತ್ತಿಪರ ಒಪ್ಪಂದಕ್ಕೆ ಅರ್ಹನಾಗುವ ವಯಸ್ಸಿಗೆ ಆರು ತಿಂಗಳು ಉಳಿದಿರುವಾಗ ಮಾತ್ರ. ಒಪ್ಪಂದದ ಮಾತು ಬಂದರೆ, 18 ತುಂಬದವನ ಒಪ್ಪಂದ ಮೂರು ವರ್ಷಕ್ಕಿಂತ ಹೆಚ್ಚಿರಬಾರದು ಎಂಬುದು ಫಿಫಾ ನಿಯಮ. ಸಹಿಯಾದ ಮೇಲೆ ವೈದ್ಯಕೀಯ ಪರೀಕ್ಷೆಯಲ್ಲಿ ಪಾಸಾದರೆ ಮಾತ್ರ ಒಪ್ಪಂದ ಊರ್ಜಿತ ಎಂಬ ಷರತ್ತನ್ನೂ ಹಾಕುವಂತಿಲ್ಲ. ಎರಡು ತಿಂಗಳ ಸಂಬಳ ಬಾಕಿಯಾದರೆ 15 ದಿನಗಳ ಲಿಖಿತ ಗಡುವು ಕೊಟ್ಟು, ಆಗಲೂ ಹಣ ಬಾರದಿದ್ದರೆ ಆಟಗಾರ ಹೊರಬರಬಹುದು. ಗರಿಂಚಾಗೆ ಇದನ್ನೆಲ್ಲ ಓದಿ ಹೇಳುವವರಿರಲಿಲ್ಲ. ನಿಮ್ಮ ಅಳಿಯನಿಗೆ ನೀವಿದ್ದೀರಿ. ಕಾಗದ ಇಂಗ್ಲಿಷಿನಲ್ಲಿ ಬರುತ್ತದೆ, ಕಾಸರಗೋಡಿನಲ್ಲಿ ಕನ್ನಡ ಬಲ್ಲ ವಕೀಲರಿಗೆ ಕೊರತೆಯಿಲ್ಲ. ಒಬ್ಬರ ಮುಂದೆ ಕುಳಿತು ಸಾಲು ಸಾಲಾಗಿ ಅರ್ಥ ಕೇಳಿ, ಆಮೇಲೆ ಸಹಿ. ವಯಸ್ಸನ್ನು ಕಡಿಮೆ ತೋರಿಸೋಣ ಎಂದು ಯಾರಾದರೂ ಹೇಳಿದರೆ ಅಲ್ಲೇ ಎದ್ದು ಬನ್ನಿ. ಕಿರಿಯರ ಪಂದ್ಯಗಳಲ್ಲಿ ಮಣಿಕಟ್ಟಿನ ಎಕ್ಸ್-ರೇ ತೆಗೆದು ಎಲುಬಿನ ವಯಸ್ಸನ್ನು ನೋಡುತ್ತಾರೆ.

ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗ ಎಂದು ಬರೆದಿದ್ದೀರಿ. ಕನ್ನಡ, ತುಳು, ಮಲಯಾಳಂ ಬಂದರೂ ಹೊರರಾಜ್ಯದ ಹಾಸ್ಟೆಲಿನಲ್ಲಿ ಮಾತು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ನಡೆಯುತ್ತದೆ. ನಮ್ಮ ಕಡೆಯ ಹುಡುಗರು ಅಲ್ಲಿ ನೋವನ್ನು ಮುಚ್ಚಿಡುವುದು ಧೈರ್ಯದಿಂದಲ್ಲ, ಹೇಳಲು ಬಾರದೆ. ಎಲ್ಲಿ ನೋಯುತ್ತದೆ, ಯಾವಾಗಿನಿಂದ, ತಿರುಗುವಾಗಲೋ ಓಡುವಾಗಲೋ, ರಾತ್ರಿಯೂ ಇದೆಯೋ ಎಂಬಿಷ್ಟನ್ನು ಹಿಂದಿಯಲ್ಲಿ ಹೇಳಲು ಹೋಗುವ ಮೊದಲೇ ಕಲಿಸಿ. ಫೋನಿನಲ್ಲಿ ಎಷ್ಟು ಗೋಲು ಎಂದು ಕೇಳುವ ಜೊತೆಗೆ ಯಾರ ಜೊತೆ ಊಟ ಮಾಡಿದೆ ಎಂದೂ ಕೇಳಿ. ಉತ್ತರ ಪ್ರತಿಸಲವೂ ಒಬ್ಬನೇ ಎಂದಾದರೆ ಒಮ್ಮೆ ಹೋಗಿ ನೋಡಿ ಬನ್ನಿ. ಗಾಯವಾಯಿತು ಎಂಬ ಸುದ್ದಿ ಬಂದರೆ ಆ ವಾರವೇ ಮನೆಯವರೊಬ್ಬರು ಅಲ್ಲಿರಬೇಕು.

ಕಳುಹಿಸಬಹುದೇ ಎಂದು ಕೇಳಿದ್ದೀರಿ. ಮಂಡಿ ಸರಿಯಿದ್ದರೆ, ಅಕಾಡೆಮಿ ನೇರವಾಗಿ ಕರೆದರೆ, ಗಾಯದ ಹೊಣೆಯನ್ನು ಬರೆದುಕೊಟ್ಟರೆ ಖಂಡಿತ ಕಳುಹಿಸಿ. ಆಟವನ್ನು ಇಷ್ಟು ಪ್ರೀತಿಸುವ ಹುಡುಗನನ್ನು ಭಯದಿಂದ ಮನೆಯಲ್ಲಿ ಕೂರಿಸುವುದೂ ಅವನಿಗೆ ಮಾಡುವ ಅನ್ಯಾಯವೇ. ಆದರೆ ಪ್ಲಸ್ ವನ್ ಪರೀಕ್ಷೆ ಮುಗಿಯದೆ ಬೇಡ. ಅಕಾಡೆಮಿಯ ಊರಿನಲ್ಲಿ ಹನ್ನೆರಡನೆಯ ತರಗತಿ ಓದಲು ಶಾಲೆಯಿದೆಯೇ ಎಂದು ಮೊದಲೇ ತಿಳಿದುಕೊಳ್ಳಿ. ಇಲ್ಲದಿದ್ದರೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯಲ್ಲಿ ಹೆಸರು ನೋಂದಾಯಿಸಿ, ಅಭ್ಯಾಸದ ನಡುವೆಯೇ ಓದಿ ಪರೀಕ್ಷೆ ಬರೆಯಬಹುದು. ಹೋಗುವ ಮೊದಲೇ ಆ ಅರ್ಜಿ ತುಂಬಿಸಿಬಿಡಿ. ಅಲ್ಲಿಗೆ ಹೋಗಿ ಪಂದ್ಯಗಳು ಶುರುವಾದ ಮೇಲೆ ಅದಕ್ಕೆ ಯಾರಿಗೂ ಬಿಡುವಿರುವುದಿಲ್ಲ.